ಮಾಳಿಗೆಯ ಮೋಟುಗೋಡೆ



ಮೋಶೆಯ ಧರ್ಮಶಾಸ್ತ್ರದಲ್ಲಿ ಮನೆ ಕಟ್ಟುವವನಿಗೆ ಒಂದು ಚಿಕ್ಕ ಆಜ್ಞೆಯುಂಟು. ಅದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹಕ್ಕಿಯ ಗೂಡಿನ ಮಾತಿಗೂ ದ್ರಾಕ್ಷೇತೋಟದಲ್ಲಿ ಬೆರಕೆ ಬೀಜವನ್ನು ಬಿತ್ತಬಾರದೆಂಬ ಮಾತಿಗೂ ನಡುವೆ ಅಡಗಿಕೊಂಡಿದೆ. ಮನೆಯ ಮಾಳಿಗೆಯ ಅಂಚಿಗೆ ಯಜಮಾನನು ಗೋಡೆಯನ್ನು ಹಾಕತಕ್ಕದ್ದು. ಹಾಕದೆ ಬಿಟ್ಟದ್ದರಿಂದ ಒಬ್ಬನು ಬಿದ್ದು ಸತ್ತರೆ ಆ ಪ್ರಾಣದ ಹೊಣೆಯು ಆ ಮನೆಗೆ ತಗಲುವದೆಂದು ಅದರ ತಾತ್ಪರ್ಯ. ನಾವು ಸೆಮಿನೆರಿಯಲ್ಲಿ ಓದುತ್ತಿದ್ದಾಗ ಇದನ್ನು ಪರೀಕ್ಷೆಗೋಸ್ಕರ ಕಲಿತೆವು. ಯೆಹೂದ್ಯರ ಮನೆಗಳಿಗೆ ಚಪ್ಪಟೆಯಾದ ಮಾಳಿಗೆಗಳಿದ್ದವೆಂದು ಉತ್ತರ ಬರೆದು ಅಂಕಗಳನ್ನು ಪಡೆದುಕೊಂಡು ಮರೆತುಬಿಟ್ಟೆವು. ಇಪ್ಪತ್ತು ವರುಷಗಳಾದ ಮೇಲೆ ಬಳ್ಳಾರಿ ಪಟ್ಟಣದ ಒಂದು ಮಾಳಿಗೆಯ ಮೇಲೆ, ದೀಪಾವಳಿಯ ರಾತ್ರಿಯಲ್ಲಿ, ಅಕ್ಷರವನ್ನರಿಯದ ಒಬ್ಬ ಮುದುಕಿಯು ನಮಗೆ ಆ ಪಾಠವನ್ನು ತಿರಿಗಿ ಕಲಿಸಿದಳು. ಅದನ್ನೇ ಈ ತಿಂಗಳು ನಿಮಗೆ ಹೇಳಬೇಕೆಂದಿದ್ದೇವೆ.

ಈ ಆಜ್ಞೆಯು ನಮ್ಮ ಸೀಮೆಯವರಿಗೆ ದೂರದ್ದಲ್ಲ. ಸಿರುಗುಪ್ಪ ಕುರುಗೋಡುಗಳ ಹಳ್ಳಿಗಳಲ್ಲಿ ನಮ್ಮ ಹಿರಿಯರು ಕಟ್ಟಿದ ಮನೆಗಳು ಮಾಳಿಗೆಯ ಮನೆಗಳೇ. ತೊಲೆ ಜಂತಿಗಳ ಮೇಲೆ ಕಟ್ಟಿಗೆಯನ್ನು ಹಾಸಿ, ಮಣ್ಣನ್ನು ಮೆತ್ತಿ, ನಡುವೆ ಒಂದು ಬೆಳಕಿಂಡಿಯನ್ನು ಬಿಡುತ್ತಿದ್ದರು. ಬೇಸಿಗೆಯಲ್ಲಿ ಮಲಗುವದೂ, ಮೆಣಸಿನಕಾಯನ್ನೂ ಹಪ್ಪಳವನ್ನೂ ಒಣಗಿಸುವದೂ, ಪಕ್ಕದ ಮನೆಯವರೊಂದಿಗೆ ಮಾತಾಡುವದೂ ಅದರ ಮೇಲೆಯೇ. ಆದದರಿಂದ ಪೇತ್ರನು ಯೊಪ್ಪದಲ್ಲಿ ಪ್ರಾರ್ಥನೆಗಾಗಿ ಮಾಳಿಗೆಯನ್ನು ಹತ್ತಿದನೆಂದು ಓದುವಾಗ, ಮಾಳಿಗೆಯೆಂದರೇನೆಂದು ನಮ್ಮ ಮಕ್ಕಳಿಗೆ ಚಿತ್ರ ಬರೆದು ತೋರಿಸಬೇಕಾದ ಅಗತ್ಯವಿಲ್ಲ.

ಕೆಲವು ವರುಷಗಳ ಹಿಂದೆ ನಮ್ಮ ಅತ್ತೆಯವರಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದು, ಅವರನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ನಮ್ಮ ಮನೆಯವರು ಅವರ ಹಾಸಿಗೆಯ ಬಳಿಯಲ್ಲಿ ಉಳಿದರು. ನಾವು ನಾಲ್ಕು ವರುಷದ ನಮ್ಮ ಕಿರಿಯ ಮಗಳೊಂದಿಗೆ ಹತ್ತಿರದ ಒಂದು ವಸತಿಗೃಹದಲ್ಲಿ ಇಳಿದುಕೊಂಡೆವು. ರೋಗಿಗಳ ಕಡೆಯವರೇ ಅಲ್ಲಿ ಇಳಿಯುವವರು. ಕೋಣೆಗಳು ಇಕ್ಕಟ್ಟು, ಗಾಳಿ ಕಡಿಮೆ. ಸಂಜೆಯಾದ ಮೇಲೆ ಪಟಾಕಿಯ ಶಬ್ದವು ಹೆಚ್ಚುತ್ತಲೇ ಒಬ್ಬೊಬ್ಬರಾಗಿ ಚಾಪೆಯನ್ನೂ ನೀರಿನ ಬಾಟಲಿಯನ್ನೂ ಹಿಡಿದು ಮಾಳಿಗೆಗೆ ಹೋದರು. ಮಗಳು ಕೈ ಹಿಡಿದೆಳೆದದರಿಂದ ನಾವೂ ಹೋದೆವು.

ಆ ಮಾಳಿಗೆಯಲ್ಲಿ ಹದಿನೈದಿಪ್ಪತ್ತು ಮಂದಿ ಇದ್ದರು. ಒಬ್ಬರ ಪರಿಚಯ ಒಬ್ಬರಿಗಿಲ್ಲ. ಹೆಂಡತಿಯನ್ನು ಹೆರಿಗೆಗೆ ಕರೆತಂದಿದ್ದ ಸಿರುಗುಪ್ಪದ ಕಡೆಯ ಬತ್ತದ ರೈತನೊಬ್ಬನು, ತೆನೆ ಕಟ್ಟುವ ಕಾಲದಲ್ಲಿ ಗದ್ದೆಯ ನೀರನ್ನು ಯಾರು ನೋಡಿಕೊಳ್ಳುವರೋ ಎಂದು ಚಿಂತಿಸುತ್ತಿದ್ದನು. ಕುರುಗೋಡಿನ ಕೂಲಿ ದಂಪತಿಗಳು ಒಂದೇ ಕಂಬಳಿಯನ್ನು ಹೊದ್ದು ಕುಳಿತಿದ್ದರು. ಆದವಾನಿಯಿಂದ ಅಣ್ಣನನ್ನು ಕರೆತಂದ ಮುಸಲ್ಮಾನ ಹಿರಿಯರೊಬ್ಬರು ಜಪಮಾಲೆಯನ್ನು ಎಣಿಸುತ್ತಿದ್ದರು. ಕಾಲೇಜಿನಲ್ಲಿ ಓದುವ ಹುಡುಗನೊಬ್ಬನು ನಮ್ಮ ಪಕ್ಕದಲ್ಲಿ ನಿಂತಿದ್ದನು. ಕನ್ನಡ, ತೆಲುಗು, ಉರ್ದು ಮೂರೂ ಆ ಮಾಳಿಗೆಯ ಮೇಲೆ ಕೇಳಿಬಂದವು. ಬಳ್ಳಾರಿಯಲ್ಲಿ ಇದು ಹೊಸದಲ್ಲ. ಮತ್ತು ಎಲ್ಲರಿಗಿಂತ ಹಿಂದೆ, ನೀರಿನ ತೊಟ್ಟಿಯ ಮಗ್ಗುಲಲ್ಲಿ, ಸಿರುಗುಪ್ಪ ತಾಲೂಕಿನ ಒಬ್ಬ ಮುದುಕಿಯು ಬಾಣಬಿರುಸುಗಳಿಗೆ ಬೆನ್ನು ಮಾಡಿ ಕುಳಿತಿದ್ದಳು.

ಆ ಮಾಳಿಗೆಗೆ ಮೂರು ಕಡೆ ಗೋಡೆಯಿತ್ತು. ನಾಲ್ಕನೆಯ ಕಡೆ ಮೇಲಿನ ಅಂತಸ್ತನ್ನು ಕಟ್ಟುವದಕ್ಕಾಗಿ ಬಿಟ್ಟಿದ್ದ ಕಬ್ಬಿಣದ ಕಂಬಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಹತ್ತಿದ ಕೂಡಲೆ ನಾವು ಅದನ್ನು ಕಂಡೆವು. ಯಾರಾದರೂ ಎಚ್ಚರಿಕೆ ಹೇಳಬೇಕೆಂದೂ ಅಂದುಕೊಂಡೆವು. ಆ ಯಾರಾದರೂ ನಾವೇ ಆಗಬಹುದೆಂಬದು ನಮಗೆ ತೋಚಲಿಲ್ಲ.

ಎದುರಿಗೆ ಕೋಟೆಯ ಗುಡ್ಡವು ಕತ್ತಲೆಯ ರಾಶಿಯಾಗಿ ನಿಂತಿತ್ತು. ಬ್ರೂಸ್‌ಪೇಟೆಯ ಕಡೆಯಿಂದಲೂ ಕೌಲ್‌ಬಜಾರಿನ ಕಡೆಯಿಂದಲೂ ಬಾಣಗಳು ಮೇಲಕ್ಕೆ ಹಾರಿ, ಒಡೆದು, ಕೆಂಪಾಗಿಯೂ ಹಸುರಾಗಿಯೂ ಬಿಳುಪಾಗಿಯೂ ಚದರಿದವು. ಒಂದೊಂದು ಬೆಳಕಿಗೂ ಗುಡ್ಡದ ಬಂಡೆಗಳು ಒಂದು ಕ್ಷಣ ಕಾಣಿಸಿ ಮಾಯವಾದವು. ಗುರುತಿಲ್ಲದ ಜನರೆಲ್ಲರೂ ಒಂದೇ ಬಾಯಿಯಿಂದ ಆಹಾ ಎಂದರು. ತಮ್ಮ ತಮ್ಮ ರೋಗಿಗಳನ್ನು ಅರ್ಧ ತಾಸು ಮರೆತರು. ರೈತನು ಚುರುಮುರಿಯ ಪೊಟ್ಟಣವನ್ನು ಬಿಚ್ಚಿ ಎಲ್ಲರ ಮುಂದೆ ಹಿಡಿದನು. ಹಿರಿಯರು ಖರ್ಜೂರವನ್ನು ಹಂಚಿದರು. ಅದು ಪಾಪವೆಂದು ನಾವು ಹೇಳಲಾರೆವು. ಹಬ್ಬವು ನೆರೆಯವರದಾದರೂ, ದುಃಖದಲ್ಲಿರುವವರಿಗೆ ಸಿಕ್ಕಿದ ಅರ್ಧ ತಾಸಿನ ಸಂತೋಷವನ್ನು ದೇವರು ಬೇಡವೆನ್ನುವವನಲ್ಲ.

ಕಾಲೇಜಿನ ಹುಡುಗನು, ಈ ಬಣ್ಣಗಳು ಹೇಗೆ ಬರುತ್ತವೆ ಸಾರ್ ಎಂದು ಕೇಳಿದನು. ಇಲ್ಲಿಂದ ನಮ್ಮ ತಪ್ಪು ಆರಂಭವಾಯಿತು. ಬಲ್ಲೆವೆಂದು ತೋರಿಸಿಕೊಳ್ಳುವ ಆಶೆಯು ಉಪದೇಶಿಗಳಾದ ನಮ್ಮನ್ನು ಬೇಗ ಹಿಡಿಯುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಲು ಇವು ಮೂರೂ ಸೇರಿ ಮದ್ದಾಗುವದೆಂದೂ, ಸ್ಟ್ರಾನ್ಶಿಯಮಿನ ಲವಣದಿಂದ ಕೆಂಪು, ಬೇರಿಯಮಿನಿಂದ ಹಸುರು, ತಾಮ್ರದಿಂದ ನೀಲಿ, ಸೋಡಿಯಮಿನಿಂದ ಹಳದಿ, ಅಲ್ಯೂಮಿನಿಯಮಿನ ಪುಡಿಯಿಂದ ಬಿಳಿ ಬೆಳಕು ಉಂಟಾಗುವದೆಂದೂ ವಿವರಿಸಿದೆವು. ಬೆಳಕು ಕಂಡ ಮೇಲೆ ಎಣಿಸುತ್ತಾ ಹೋಗು; ಮೂರು ಸೆಕೆಂಡಿಗೆ ಶಬ್ದ ಬಂದರೆ ಬಾಣವು ಒಂದು ಕಿಲೋಮೀಟರು ದೂರದಲ್ಲಿ ಒಡೆಯಿತೆಂದು ತಿಳಿ, ಯಾಕಂದರೆ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ನಡೆಯುತ್ತದೆ, ಎಂದೆವು. ಹುಡುಗನೂ ನಾವೂ ಮುಖ ಮೇಲೆತ್ತಿ ಒಂದು, ಎರಡು ಎಂದು ಎಣಿಸತೊಡಗಿದೆವು. ಮಗಳ ಕೈ ನಮ್ಮ ಕೈಯಿಂದ ಯಾವಾಗ ಜಾರಿತೆಂಬದನ್ನು ಅರಿಯೆವು.

ಮೂರು ಎಂದು ಎಣಿಸುವದಕ್ಕೆ ಮುಂಚೆ ಹಿಂದಿನಿಂದ ಒಂದು ಕೂಗು ಕೇಳಿಸಿತು. ತಿರುಗಿ ನೋಡಿದರೆ, ಆ ಮುದುಕಿಯು ಕಂಬಿಗಳ ನಡುವೆ ಮೊಣಕಾಲೂರಿ ನಮ್ಮ ಮಗಳ ಲಂಗವನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಕೆಳಗೆ ಬೀದಿಯಲ್ಲಿ ತಿರುಗುತ್ತಿದ್ದ ನೆಲಚಕ್ರವನ್ನು ನೋಡಬೇಕೆಂದು ಮಗುವು ಅಂಚಿಗೆ ಹೋಗಿ ಬಗ್ಗಿತ್ತು. ಮೂರು ಅಂತಸ್ತುಗಳ ಕೆಳಗೆ ಕಲ್ಲು ಹಾಸಿನ ಬೀದಿ. ಮುದುಕಿಯ ಮೊಣಕೈಗೆ ಕಂಬಿಯು ತರಚಿ ರಕ್ತ ಬರುತ್ತಿತ್ತು.

ಮಗುವನ್ನು ಎತ್ತಿಕೊಂಡು ನಾವು ನಡುಗುತ್ತಾ, ತಾಯೀ, ನೀವು ಹೇಗೆ ನೋಡಿದಿರಿ ಎಂದು ಕೇಳಿದೆವು. ಅವಳು ಹೇಳಿದ್ದು ಇಷ್ಟೇ: ನೀವೆಲ್ಲಾ ಮ್ಯಾಲೆ ನೋಡಾಕತ್ತಿದ್ರಿ ಯಪ್ಪಾ, ನಾ ಕೆಳಗ ನೋಡಾಕತ್ತಿದ್ದೆ.

ಆಮೇಲೆ ಅವಳು ಬೆನ್ನು ಮಾಡಿ ಕುಳಿತ ಕಾರಣವು ತಿಳಿಯಿತು. ನರಕ ಚತುರ್ದಶಿಯ ಬೆಳಗಿನಲ್ಲಿ ಅವಳ ಊರಿನ ಹುಡುಗರು ಪಟಾಕಿಯ ಮೇಲೆ ತಗಡಿನ ಡಬ್ಬಿಯನ್ನು ಬೋರಲು ಹಾಕಿ ಹಚ್ಚಿದ್ದರು. ಅಂಗಡಿಯಿಂದ ಸಕ್ಕರೆ ತರುತ್ತಿದ್ದ ಅವಳ ಮೊಮ್ಮಗನು ಆ ದಾರಿಯಲ್ಲಿ ಬಂದನು. ಹಚ್ಚಿದವನು ಅವನಲ್ಲ, ನೋಡುತ್ತಾ ನಿಂತವನೂ ಅಲ್ಲ; ದಾರಿಹೋಕನು. ತಗಡಿನ ಚೂರು ಅವನ ಬಲಗಣ್ಣಿಗೆ ತಗಲಿತು. ಹಚ್ಚಿದ ಹುಡುಗರೂ ಬೇರೆಯವರಲ್ಲ, ಅವನ ಗೆಳೆಯರೇ; ಅವರು ಅಳುತ್ತಾ ಬಂಡಿಯ ತನಕ ಬಂದರಂತೆ. ಅವರನ್ನು ಅವಳು ಶಪಿಸಲಿಲ್ಲ. ಪಟ್ಟಣವೆಲ್ಲಾ ಆಹಾ ಎನ್ನುವಾಗ ಅವಳಿಗೆ ಆಕಾಶವನ್ನು ನೋಡಲು ಮನಸ್ಸಾಗಲಿಲ್ಲ, ಅಷ್ಟೇ. ಹಾಗೆ ನೋಡದಿದ್ದದರಿಂದಲೇ ನಮ್ಮ ಮಗಳು ಈ ಹೊತ್ತು ಬದುಕಿದ್ದಾಳೆ.

ಪ್ರಿಯರೇ, ಇದರಿಂದ ನಾವು ಕಲಿತ ಮೂರು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು. ಮಾಳಿಗೆಯನ್ನು ಹತ್ತಬಾರದೆಂದು ಮೋಶೆಯು ಹೇಳಲಿಲ್ಲ. ಬಿದ್ದಾರೆಂಬ ಭಯದಿಂದ ಮಾಳಿಗೆಯನ್ನೇ ಕಟ್ಟಬೇಡಿರೆಂದೂ ಹೇಳಲಿಲ್ಲ. ಹತ್ತುವವರು ಹತ್ತಲಿ, ಅಂಚಿಗೆ ಗೋಡೆಯಿರಲಿ ಎಂಬದೇ ಆಜ್ಞೆ. ಬಾಣಬಿರುಸುಗಳ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಅದು ನಮ್ಮದಲ್ಲದ ಹಬ್ಬ, ನಮ್ಮ ಮಕ್ಕಳು ಕಣ್ಣೆತ್ತಿ ನೋಡಬಾರದೆಂದು ಕೆಲವರು. ಕ್ರಿಸ್‌ಮಸ್ಸಿಗೆ ನಾವೂ ಹಚ್ಚುತ್ತೇವಲ್ಲಾ, ಯಾರೇನು ಹೇಳುವದು ಎಂದು ಕೆಲವರು. ಈ ಎರಡು ಮಾತುಗಳಲ್ಲಿಯೂ ಬಿದ್ದುಹೋಗುವವನ ಚಿಂತೆಯಿಲ್ಲ. ದೇಶದ ಕಾನೂನು ಈ ವಿಷಯದಲ್ಲಿ ಮೋಶೆಯ ದಾರಿಯನ್ನೇ ಹಿಡಿದಂತಿದೆ. 2018ನೆಯ ಅಕ್ಟೋಬರ 23ರಂದು ಸುಪ್ರೀಂ ಕೋರ್ಟು ಪಟಾಕಿಯನ್ನು ಪೂರ್ತಿಯಾಗಿ ನಿಷೇಧಿಸಲಿಲ್ಲ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರ ವರೆಗೆ ಮಾತ್ರ ಹಚ್ಚಬಹುದೆಂದೂ, ಹೊಗೆ ಶಬ್ದಗಳು ಕಡಿಮೆಯಾದ ಹಸುರು ಪಟಾಕಿಗಳು ಮಾತ್ರ ಮಾರಾಟವಾಗಬೇಕೆಂದೂ, ಬೇರಿಯಮಿನ ಲವಣಗಳು ಕೂಡದೆಂದೂ ವಿಧಿಸಿತು. ಆಸ್ಪತ್ರೆಯಲ್ಲಿ ಮಲಗಿದವನಿಗೂ, ಉಬ್ಬಸದ ಮುದುಕನಿಗೂ, ತೊಟ್ಟಿಲ ಕೂಸಿಗೂ, ಕೊಟ್ಟಿಗೆಯಲ್ಲಿ ಹಗ್ಗವನ್ನು ಜಗ್ಗುವ ಎತ್ತಿಗೂ ಇಂಥ ವಿಧಿಯು ಒಂದು ಮೋಟುಗೋಡೆಯೇ. ಗೋಡೆ ಚಿಕ್ಕದೆಂದು ಹೀಯಾಳಿಸಬೇಡಿರಿ. ಬೀಳುವವನನ್ನು ತಡೆಯಲು ಕೋಟೆಯ ಗೋಡೆಯು ಬೇಕಾಗಿಲ್ಲ.

ಎರಡನೆಯದು. ಆ ಗೋಡೆಯು ಯಾರಿಗೋಸ್ಕರ? ಮನೆಯ ಯಜಮಾನನಿಗೆ ತನ್ನ ಮಾಳಿಗೆಯ ಅಂಚು ಕತ್ತಲೆಯಲ್ಲಿಯೂ ಗೊತ್ತು. ಗೊತ್ತಿಲ್ಲದವನು ಅತಿಥಿ, ಮಗು, ಆ ರಾತ್ರಿ ಮಾತ್ರ ತಂಗಲು ಬಂದವನು. ಆಜ್ಞೆಯಲ್ಲಿ ಬೀಳುವವನ ಹೆಸರಿಲ್ಲ, ಕುಲವಿಲ್ಲ. ಯಾವನೇ ಬಿದ್ದರೂ ಹೊಣೆಯುಂಟು. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯವರು ಪ್ರತಿ ದೀಪಾವಳಿಗೂ ಹಗಲಿರುಳು ಸಿದ್ಧರಾಗಿರುತ್ತಾರೆ. ಅಲ್ಲಿಗೆ ಬರುವವರಲ್ಲಿ ಪಟಾಕಿಯನ್ನು ತಾವೇ ಹಚ್ಚಿದವರು ಮಾತ್ರವಲ್ಲ, ದೂರದಲ್ಲಿ ನಿಂತು ನೋಡಿದವರೂ ದಾರಿ ನಡೆಯುತ್ತಿದ್ದವರೂ ಮಕ್ಕಳೂ ಬಹಳ. ಸಂತೋಷವನ್ನು ಅನುಭವಿಸಿದವನು ಒಬ್ಬನು, ಅದರ ಬೆಲೆಯನ್ನು ತೆತ್ತವನು ಮತ್ತೊಬ್ಬನು.

ಆ ಬೆಲೆಯನ್ನು ತೆರುವವರಲ್ಲಿ ನಾವು ಕಾಣದವರೂ ಇದ್ದಾರೆ. ನಮ್ಮ ದೇಶದ ಪಟಾಕಿಗಳಲ್ಲಿ ಹೆಚ್ಚಿನವು ತಮಿಳುನಾಡಿನ ಶಿವಕಾಶಿಯ ಸುತ್ತಿನಲ್ಲಿ ತಯಾರಾಗುವವು. ಅದು ನಮ್ಮ ಬಳ್ಳಾರಿಯ ಹಾಗೆ ಮಳೆ ಕಡಿಮೆಯಾದ ಸೀಮೆ. 1923ರ ಸುಮಾರಿಗೆ ಆ ಊರಿನ ಇಬ್ಬರು ಯೌವನಸ್ಥರು ಕಲ್ಕತ್ತೆಯಲ್ಲಿ ಬೆಂಕಿಕಡ್ಡಿಯ ಕೆಲಸವನ್ನು ಕಲಿತು ಬಂದರು. ಮುಂದೆ ಬಾಣಬಿರುಸಿನ ಕಸಬೂ ಅಲ್ಲಿ ಬೇರೂರಿತು. ಹೊಲ ಒಣಗಿದವರಿಗೆ ಅದು ಅನ್ನವನ್ನು ಕೊಟ್ಟಿತು, ಸಾವನ್ನೂ ಕೊಟ್ಟಿತು. 2012ನೆಯ ಸೆಪ್ಟೆಂಬರ 5ರಂದು ಅಲ್ಲಿನ ಒಂದು ಕಾರ್ಖಾನೆಗೆ ಬೆಂಕಿ ಹತ್ತಿ ಮೂವತ್ತಕ್ಕಿಂತ ಹೆಚ್ಚು ಜನರು ಸತ್ತರು. ನಮ್ಮ ರಾಜ್ಯದಲ್ಲಿಯೇ, ಆನೇಕಲ್ಲು ತಾಲೂಕಿನ ಅತ್ತಿಬೆಲೆಯಲ್ಲಿ, 2023ನೆಯ ಅಕ್ಟೋಬರ 7ರಂದು ಪಟಾಕಿ ಅಂಗಡಿಯೊಂದು ಹೊತ್ತಿ ಉರಿದು 14ಕ್ಕಿಂತ ಹೆಚ್ಚು ಪ್ರಾಣಗಳು ಹೋದವು. ಅವರಲ್ಲಿ ಬಹಳ ಮಂದಿ ದೀಪಾವಳಿಯ ಮುಂಚೆ ನಾಲ್ಕು ಕಾಸು ಸಂಪಾದಿಸೋಣವೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಪ್ರಾಯದವರು. ಮಾಳಿಗೆಯ ಮೇಲೆ ನಿಂತು ನಾವು ಕೆಂಪನ್ನೂ ಹಸುರನ್ನೂ ನೋಡುವಾಗ, ಆ ಮದ್ದನ್ನು ತುಂಬಿದ ಕೈಗಳ ನೆನಪು ನಮಗೆ ಬರುವದಿಲ್ಲ. ಬೆಳಕು ಬೇಗ ಬರುತ್ತದೆ, ಶಬ್ದವು ತಡವಾಗಿ ಬರುತ್ತದೆ. ಪರರ ನೋವಿನ ಅರಿವೋ ಎಲ್ಲಕ್ಕಿಂತಲೂ ತಡವಾಗಿ ಬರುತ್ತದೆ.

ಮೂರನೆಯದು. ಗೋಡೆಯಿಲ್ಲದ ಕಡೆಯಲ್ಲಿ ಒಬ್ಬ ಮನುಷ್ಯನು ಗೋಡೆಯಾಗಿ ಕುಳಿತುಕೊಳ್ಳಬೇಕು. ಆ ರಾತ್ರಿ ಆ ಮಾಳಿಗೆಗೆ ನಾಲ್ಕನೆಯ ಗೋಡೆಯು ಆ ಮುದುಕಿಯೇ ಆಗಿದ್ದಳು. ಯೊಪ್ಪದ ಮಾಳಿಗೆಯ ಮೇಲಿದ್ದ ಪೇತ್ರನ ಬಳಿಗೆ ಬೇರೆ ಜನಾಂಗದವರು ಬಂದು ಬಾಗಿಲಲ್ಲಿ ನಿಂತರು. ಯಾವ ಮನುಷ್ಯನನ್ನೂ ಹೊಲೆಯೆಂದು ಎಣಿಸಬಾರದೆಂಬ ಪಾಠವನ್ನು ಅವನು ಅಲ್ಲಿ ಕಲಿತುಕೊಂಡನು. ನಾವು ಆ ಸಂಜೆ ಮೇಲಕ್ಕೆ ಹೋದಾಗ, ಯಾರು ಯಾರೋ ಇದ್ದಾರೆ, ಹತ್ತಿರ ಹೋಗಬೇಡವೆಂದು ಮಗಳಿಗೆ ಮೆಲ್ಲನೆ ಹೇಳಿದ್ದೆವು. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಹತ್ತಿರ ಹೋಗಬೇಡವೆಂದು ನಾವು ಹೇಳಿದವರಲ್ಲಿ ಒಬ್ಬಳು ಅವಳ ಪ್ರಾಣವನ್ನುಳಿಸಿದಳು; ಮಗಳ ಪಕ್ಕದಲ್ಲಿಯೇ ಇದ್ದ ತಂದೆಯು ಆಕಾಶವನ್ನು ನೋಡುತ್ತಿದ್ದನು.

ನಮ್ಮ ಸೀಮೆಯಲ್ಲಿ ಪರದೇಶಿಯೂ ಸ್ಥಳಿಕನೂ ಕೂಡಿ ಬಾಣಬಿರುಸನ್ನು ನೋಡುವದು ಹಳೆಯ ಪದ್ಧತಿ. ಹಂಪೆಯಲ್ಲಿ ವಿಜಯನಗರದ ಅರಸರ ಕಾಲದಲ್ಲಿ, 1443ರಲ್ಲಿ, ಹೆರಾತಿನಿಂದ ಬಂದ ಅಬ್ದುರ್ ರಜಾಕನೆಂಬ ರಾಯಭಾರಿಯು ಮಹಾನವಮಿಯ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದಿಟ್ಟನು. 1520ರ ಸುಮಾರಿಗೆ ಪೋರ್ತುಗೀಸನಾದ ದೊಮಿಂಗೊ ಪಾಯೆಸನೂ ಅಲ್ಲಿಯ ಬಾಣಗಳನ್ನು ಕಂಡು ಬರೆದನು. 1565ರ ಯುದ್ಧದ ತರುವಾಯ ಆ ಪಟ್ಟಣವು ಹಾಳಾಯಿತು. ಮಹಾನವಮಿ ದಿಬ್ಬದ ಕಲ್ಲುಗಳು ಉಳಿದಿವೆ. ಅರಸರು ಆಕಾಶಕ್ಕೆ ಹಾರಿಸಿದ ಬೆಂಕಿಯ ಗುರುತು ಎಲ್ಲಿಯೂ ಇಲ್ಲ. ಆದರೆ ದೂರದೇಶದ ಇಬ್ಬರು ಪರಕೀಯರು ಆ ಉತ್ಸವವನ್ನು ನೋಡಿ ಕ್ಷೇಮವಾಗಿ ತಮ್ಮವರ ಬಳಿಗೆ ಸುದ್ದಿಯನ್ನು ಮುಟ್ಟಿಸಿದರೆಂಬದು ಇಂದಿಗೂ ಆ ಪಟ್ಟಣಕ್ಕೆ ಮಾನವಾಗಿದೆ.

ಆದದರಿಂದ ನಮ್ಮ ಸಭೆಗಳ ತಾಯಿತಂದೆಗಳಿಗೆ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇವೆ. ದೀಪಾವಳಿಯಲ್ಲಾಗಲಿ ಕ್ರಿಸ್‌ಮಸ್ಸಿನಲ್ಲಾಗಲಿ ಮಕ್ಕಳು ಪಟಾಕಿಯನ್ನು ಹಚ್ಚುವಲ್ಲಿ ದೊಡ್ಡವರೊಬ್ಬರು ಬರಿಗೈಯಲ್ಲಿ ನಿಂತು ಮಕ್ಕಳನ್ನೇ ನೋಡುತ್ತಿರಲಿ. ಅವರು ಆಕಾಶವನ್ನು ಮತ್ತೊಂದು ದಿನ ನೋಡಬಹುದು. ಒಂದು ಕೊಡ ನೀರೂ ಒಂದು ಬುಟ್ಟಿ ಮರಳೂ ಹತ್ತಿರದಲ್ಲಿರಲಿ. ಡಬ್ಬಿಯನ್ನಾಗಲಿ ಮಡಕೆಯನ್ನಾಗಲಿ ಪಟಾಕಿಯ ಮೇಲೆ ಬೋರಲು ಹಾಕಗೊಡಬೇಡಿರಿ. ಹೊತ್ತದೆ ಉಳಿದದ್ದನ್ನು ಬಗ್ಗಿ ನೋಡಗೊಡಬೇಡಿರಿ. ದೂರದಿಂದ ನೀರನ್ನು ಸುರಿಯಿರಿ. ಬತ್ತದ ಬಣವೆಗಳಿರುವ ಸಿರುಗುಪ್ಪದ ಕಡೆಯವರು ಕಣದ ಹತ್ತಿರ ಬಾಣವನ್ನು ಬಿಡಲೇಬಾರದು; ಒಂದು ಕಿಡಿಯು ಒಂದು ವರುಷದ ಮೇವನ್ನು ತಿನ್ನುವದು. ಮೈ ಸುಟ್ಟರೆ ಇಂಕು, ಹಲ್ಲುಜ್ಜುವ ಪೇಸ್ಟು ಮುಂತಾದವುಗಳನ್ನು ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಸಿರಿ. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ನಾಟು ಮದ್ದನ್ನು ಹಿಂಡದೆ, ಕೂಡಲೆ ಕಣ್ಣಿನ ವೈದ್ಯರ ಬಳಿಗೆ ಹೋಗಿರಿ. ನಾಳೆ ನೋಡೋಣವೆಂದು ತಡಮಾಡಿದವರು ಕಣ್ಣನ್ನೇ ಕಳೆದುಕೊಂಡಾರು.

ಮರುದಿನ ಬೆಳಿಗ್ಗೆ ಆ ತಾಯಿಗೆ ಕೃತಜ್ಞತೆಯನ್ನು ಹೇಳಬೇಕೆಂದು ಹೋದೆವು. ವೈದ್ಯರು ಹುಡುಗನನ್ನು ಬೇರೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆಂದೂ, ಮುಂಜಾವಿನ ಬಸ್ಸಿಗೇ ಅವರು ಹೊರಟುಹೋದರೆಂದೂ ವಸತಿಗೃಹದವರು ಹೇಳಿದರು. ಅವಳ ಹೆಸರನ್ನು ನಾವು ಕೇಳಿರಲಿಲ್ಲ. ಊರನ್ನೂ ಕೇಳಿರಲಿಲ್ಲ. ಬಣ್ಣಗಳ ಕಾರಣವನ್ನೆಲ್ಲಾ ಹೇಳಿಕೊಟ್ಟ ನಮಗೆ ಅಷ್ಟನ್ನು ಕೇಳುವ ಬುದ್ಧಿ ಬರಲಿಲ್ಲ. ಸಿರುಗುಪ್ಪದ ಕಡೆಯ ಸಭೆಗಳಿಗೆ ಹೋದಾಗಲೆಲ್ಲಾ, ಒಂದು ಕಣ್ಣಿಗೆ ಪೆಟ್ಟಾದ ಹುಡುಗನನ್ನೂ ಮೊಣಕೈಯಲ್ಲಿ ಗಾಯದ ಕಲೆಯಿರುವ ಅವನ ಅಜ್ಜಿಯನ್ನೂ ಕಂಡಿರಾ ಎಂದು ವಿಚಾರಿಸುತ್ತೇವೆ. ಈ ತನಕ ಸಿಕ್ಕಲಿಲ್ಲ.

ಊರಿಗೆ ಬಂದ ವಾರದಲ್ಲಿ ನಾವು ಒಂದು ಕೆಲಸವನ್ನು ಮಾಡಿದೆವು. ನಮ್ಮ ಸ್ವಂತ ಮನೆಯ ಮಾಳಿಗೆಗೆ ಆರು ವರುಷಗಳಿಂದ ಗೋಡೆಯಿರಲಿಲ್ಲ. ರವಿವಾರದ ಶಾಲೆಯ ಮಕ್ಕಳು ಅಲ್ಲಿಗೆ ಹತ್ತಿ ಆಡುತ್ತಿದ್ದರು. ಹಣ ಕೂಡಿದಾಗ ಕಟ್ಟಿಸೋಣವೆಂದು ಮುಂದೂಡುತ್ತಿದ್ದೆವು. ಸಾಲವನ್ನು ಮಾಡಿ ಇಟ್ಟಿಗೆಯನ್ನು ತರಿಸಿ, ಗೌಂಡಿಯೊಂದಿಗೆ ನಾವೂ ಗಾರೆಯನ್ನು ಹೊತ್ತು, ನಾಲ್ಕು ದಿವಸಗಳಲ್ಲಿ ಮೂರೂವರೆ ಅಡಿಯ ಗೋಡೆಯನ್ನು ಸುತ್ತಲೂ ಎಬ್ಬಿಸಿದೆವು. ಆ ಅಧ್ಯಾಯದ ಮೇಲೆ ಪ್ರಸಂಗ ಮಾಡುವ ಅಧಿಕಾರವು ಆಮೇಲೆಯೇ ನಮಗೆ ಬಂದಿತೆಂದು ತಿಳಿಯುತ್ತೇವೆ.

ಪ್ರಿಯರೇ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ನಿಮ್ಮ ಮಾಳಿಗೆಯನ್ನು ಹತ್ತಿ ನೋಡಿರಿ. ಗೋಡೆಯಿದ್ದರೆ ದೇವರಿಗೆ ಸ್ತೋತ್ರ. ಇಲ್ಲದಿದ್ದರೆ ಬರುವ ಹಬ್ಬದೊಳಗಾಗಿ ಕಟ್ಟಿರಿ. ಕಟ್ಟುವ ತನಕ ಯಾರಾದರೊಬ್ಬರು ಆ ಅಂಚಿನಲ್ಲಿ ಕುಳಿತಿರಿ. ನಮ್ಮ ಮಕ್ಕಳನ್ನೂ ನಾವು ಹೆಸರನ್ನರಿಯದವರ ಮಕ್ಕಳನ್ನೂ ಒಂದೇ ಕಣ್ಣಿನಿಂದ ಕಾಯುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.